ಬಂಗಾರಕ್ಕಿಂತ ಮೊದಲು ಕಲ್ಲು ನೋಡಿ

ನಮ್ಮ ವಿಜಯಪುರದ ಕಡೆ ಗಿನ್ನಿ ಅನ್ನುತ್ತಾರೆ, ಹಳೆ ಮೈಸೂರಿನಲ್ಲಿ ಸವರನ್, ಕರಾವಳಿಯಲ್ಲಿ ಪವನು. ಎಂಟು ಗ್ರಾಮಿಗೆ ತುಸುವೇ ಕಡಿಮೆ ತೂಗುವ ಬ್ರಿಟಿಷರ ಬಂಗಾರದ ನಾಣ್ಯ. ಒಂದು ಮಗ್ಗುಲಿಗೆ ರಾಜನ ಅಥವಾ ರಾಣಿಯ ಮುಖ. ಇನ್ನೊಂದು ಮಗ್ಗುಲನ್ನು ಒಮ್ಮೆ ಭೂತಗನ್ನಡಿ ಹಿಡಿದು ನೋಡಿ. ಶಿರಸ್ತ್ರಾಣ ತೊಟ್ಟ ಸವಾರ, ಬೆನ್ನ ಹಿಂದೆ ಹಾರುವ ಹೊದಿಕೆ, ಕೈಯಲ್ಲಿ ಗಿಡ್ಡ ಕತ್ತಿ, ಮುಂಗಾಲೆತ್ತಿದ ಕುದುರೆಯ ಕೆಳಗೆ ಉರುಳಿಬಿದ್ದ ಡ್ರ್ಯಾಗನ್. ಇಷ್ಟನ್ನು ಅಷ್ಟು ಸಣ್ಣ ಜಾಗದಲ್ಲಿ ಕೂರಿಸಿದವನು 1783ರಲ್ಲಿ ರೋಮಿನಲ್ಲಿ ಹುಟ್ಟಿದ ಬೆನೆಡೆಟ್ಟೊ ಪಿಸ್ಟ್ರುಚ್ಚಿ. 1817ರಲ್ಲಿ ಅವನು ಕೊಟ್ಟ ಚಿತ್ರ ಇಂದಿಗೂ ಬ್ರಿಟನ್ನಿನ ಸವರನ್ ಮೇಲಿದೆ. 1918ರಲ್ಲಿ ಮುಂಬಯಿಯಲ್ಲಿ ಟಂಕಿಸಿದ ಸವರನ್ನುಗಳ ಮೇಲೂ ಇದೇ ಸವಾರ. ಆದರೆ ಪಿಸ್ಟ್ರುಚ್ಚಿ ಕಲಿತ ಕಸುಬೇ ಬೇರೆ. ಅವನು ರತ್ನದ ಕಲ್ಲಿನಲ್ಲಿ ಗ್ರೀಕರ, ರೋಮನರ ದೇವತೆಗಳನ್ನು ಕೆತ್ತುತ್ತಿದ್ದ.

ರೋಮಿನಲ್ಲಿದ್ದಾಗ ಬೊನೆಲ್ಲಿ ಎಂಬ ವ್ಯಾಪಾರಿಗೆ ಅವನು ಹೂವಿನ ದೇವತೆ ಫ್ಲೋರಾಳ ತಲೆಯೊಂದನ್ನು ಕೆತ್ತಿಕೊಟ್ಟಿದ್ದ. ವ್ಯಾಪಾರಿ ಅದನ್ನು ಪ್ರಾಚೀನ ಕಾಲದ್ದೆಂದು ಹೇಳಿ ರಿಚರ್ಡ್ ಪೇನ್ ನೈಟ್ ಎಂಬ ಇಂಗ್ಲಿಷ್ ಪಂಡಿತರಿಗೆ ಮಾರಿದ. 1815ರಲ್ಲಿ ಪಿಸ್ಟ್ರುಚ್ಚಿ ಲಂಡನ್ನಿಗೆ ಬಂದ. ವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಅವರ ಮುಖವನ್ನು ಮೇಣದಲ್ಲಿ ಮೂಡಿಸುತ್ತ ಕುಳಿತಿದ್ದಾಗ ನೈಟ್ ತಮ್ಮ ಫ್ಲೋರಾಳನ್ನು ತೋರಿಸಲು ಅಲ್ಲಿಗೇ ಬಂದರು. ಇದು ನಾನು ಕೆತ್ತಿದ್ದು ಎಂದ ಪಿಸ್ಟ್ರುಚ್ಚಿ. ನೈಟ್ ಒಪ್ಪಲಿಲ್ಲ. ಕೆತ್ತಿದವನೇ ಎದುರಿಗೆ ನಿಂತು ಗುರುತು ಹೇಳಿದರೂ ಕೊನೆಯವರೆಗೆ ಒಪ್ಪಲಿಲ್ಲ. 1824ರಲ್ಲಿ ಅವರು ತೀರಿಕೊಂಡಾಗ ಸಂಗ್ರಹವೆಲ್ಲ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿತು, ಫ್ಲೋರಾ ಈಗಲೂ ಅಲ್ಲಿದ್ದಾಳೆ. ಪಿಸ್ಟ್ರುಚ್ಚಿಯೇ ಬರೆದಿಟ್ಟ ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕಲ್ಲು ಅದೇ, ಕೈ ಅದೇ. ಎರಡು ಸಾವಿರ ವರ್ಷ ಹಳೆಯದು ಎಂದರೆ ಅಮೂಲ್ಯ, ಮೊನ್ನೆ ಕೆತ್ತಿದ್ದು ಎಂದರೆ ಅವಮಾನ.

ನಾನು ಪತ್ತಾರರ ಮನೆಯ ಮಗಳು. ಬೆಂಗಳೂರಿನಲ್ಲಿ ಕಲ್ಲು ಪರೀಕ್ಷೆ ಮಾಡುವುದು ನನ್ನ ಹೊಟ್ಟೆಪಾಡು. ಅಪ್ಪ ಉಂಗುರಕ್ಕೆ ಕಲ್ಲು ಕೂರಿಸುವಾಗ ನನಗೆ ಚಿಮಟ ಹಿಡಿಯಲು ಕೊಡುತ್ತಿರಲಿಲ್ಲ. “ಯವ್ವಾ, ಬಂಗಾರ ಕೆಟ್ರ ಮತ್ತ ಕರಗಸಬಹುದು, ಕಲ್ಲು ಕೆಟ್ರ ಕೆಟ್ಟಂಗ” ಅನ್ನುತ್ತಿದ್ದರು. ಈ ಮಾತಿನ ತೂಕ ನನಗೆ ಸರಿಯಾಗಿ ತಿಳಿದದ್ದು ಯುರೋಪಿನ ಮ್ಯೂಸಿಯಮ್ಮುಗಳಲ್ಲಿ ಕೆತ್ತನೆಯ ಕಲ್ಲುಗಳ ಮುಂದೆ ನಿಂತಾಗ.

ಮೊದಲು ಕಲ್ಲಿನ ಹುಟ್ಟು ಹೇಳುತ್ತೇನೆ, ಯಾಕೆಂದರೆ ಅದು ನಮ್ಮ ನೆಲದ ಮಾತೂ ಹೌದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ಮೇಲೆ ಲಾವಾ ಹರಿದು, ಪದರದ ಮೇಲೆ ಪದರವಾಗಿ ಆರಿತು. ಆರುವಾಗ ಒಳಗೆ ಗಾಳಿಗುಳ್ಳೆಗಳು ಉಳಿದವು. ಮುಂದೆ ಸಿಲಿಕಾ ಕರಗಿದ ನೀರು ಆ ಗುಳ್ಳೆಗಳಿಗೆ ಇಳಿದು, ಗೋಡೆಗುಂಟ ಒಂದೊಂದೇ ಪಟ್ಟೆಯಾಗಿ ಗಟ್ಟಿಯಾಯಿತು. ಅದೇ ಅಗೇಟ್. ವಿಜಯಪುರ, ಕಲಬುರಗಿ, ಬೀದರಿನ ಎರೆ ಮಣ್ಣಿನ ಕೆಳಗಿರುವುದೂ ಅದೇ ಲಾವಾ. ನಮ್ಮ ಹೊಲದ ಬದುವಿನಲ್ಲಿ ಮಳೆ ತೊಳೆದ ಮೇಲೆ ಅಂಥ ಪಟ್ಟೆ ಕಲ್ಲು ಆರಿಸುತ್ತಿದ್ದೆವು. ಪಟ್ಟೆಗಳು ನೇರವಾಗಿ, ಒಂದರ ಮೇಲೊಂದು ಹಾಸಿದಂತೆ ಇದ್ದರೆ ಅದಕ್ಕೆ ಓನಿಕ್ಸ್ ಎಂದು ಹೆಸರು. ಬಿಳಿಯ ಜೊತೆಗೆ ಕಂದು ಕೆಂಪು ಇದ್ದರೆ ಸಾರ್ಡೋನಿಕ್ಸ್. ಪಟ್ಟೆಯೇ ಇಲ್ಲದ ಕೆಂಪು ಕಾರ್ನೇಲಿಯನ್.

ರೋಮನರು ಈ ಕಲ್ಲುಗಳಿಗೆ ಹಂಬಲಿಸುತ್ತಿದ್ದರು. ಭಾರತದ ಸಾರ್ಡೋನಿಕ್ಸ್ ಬಗ್ಗೆ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಕ್ರಿ.ಶ. ಒಂದನೇ ಶತಮಾನದ ಗ್ರೀಕ್ ನಾವಿಕನ ಕೈಪಿಡಿ ಪೆರಿಪ್ಲಸ್, ಸಾತವಾಹನರ ಪೈಠಣದಿಂದ ಓನಿಕ್ಸ್ ಜಾತಿಯ ಕಲ್ಲು ಬಂಡಿಗಳ ಮೇಲೆ ಭರೂಚ್ ಬಂದರಿಗೆ ಇಳಿಯುತ್ತಿತ್ತು ಎನ್ನುತ್ತದೆ. ಎಲ್ಲ ರೋಮನ್ ಕಲ್ಲೂ ನಮ್ಮದೇ ಎಂದು ನಾನು ಹೇಳುವುದಿಲ್ಲ, ಅರೇಬಿಯಾದ ಓನಿಕ್ಸಿಗೂ ಅಲ್ಲಿ ದೊಡ್ಡ ಹೆಸರಿತ್ತು. ಆದರೆ ಭಾರತದಿಂದ ಕಲ್ಲು, ಮೆಣಸು, ಬಟ್ಟೆ ಹೋಗಿ ಬದಲಿಗೆ ಬೆಳ್ಳಿ ಬಂದದ್ದಕ್ಕೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳೇ ಸಾಕ್ಷಿ.

ಕೆತ್ತನೆಯಲ್ಲಿ ಎರಡು ಬಗೆ. ಚಿತ್ರ ಕಲ್ಲಿನೊಳಗೆ ತಗ್ಗಾಗಿ ಇಳಿದಿದ್ದರೆ ಇಂಟಾಲಿಯೊ. ಅದು ಮುದ್ರೆ. ಉಂಗುರಕ್ಕೆ ಕೂರಿಸಿ, ಮೇಣಕ್ಕೋ ಜೇಡಿಗೋ ಒತ್ತಿದರೆ ಚಿತ್ರ ಉಬ್ಬಾಗಿ ಮೂಡುತ್ತದೆ. ಓದು ಬರಹ ಬಾರದ ವ್ಯಾಪಾರಿಗೂ ಅದೇ ರುಜು, ಚಕ್ರವರ್ತಿಗೂ ಅದೇ ರುಜು. ಚಕ್ರವರ್ತಿ ಆಗಸ್ಟಸ್ ಮೊದಲು ಸಿಂಹದ ಮೈ, ಹೆಣ್ಣಿನ ಮುಖದ ಸ್ಫಿಂಕ್ಸ್ ಇದ್ದ ಮುದ್ರೆ ಒತ್ತುತ್ತಿದ್ದ, ಆಮೇಲೆ ಅಲೆಕ್ಸಾಂಡರನ ತಲೆಯದು, ಕೊನೆಗೆ ಡಯಾಸ್ಕೊರೈಡಿಸ್ ಎಂಬ ಕೆತ್ತನೆಗಾರ ಮಾಡಿಕೊಟ್ಟ ತನ್ನದೇ ಮುಖದ್ದು. ಕೇರಳದ ಪಟ್ಟಣಂ ಎಂಬಲ್ಲಿ, ಪ್ರಾಚೀನ ಮುಜಿರಿಸ್ ಬಂದರು ಇದ್ದಿರಬಹುದೆಂದು ಅಗೆಯುತ್ತಿರುವ ಜಾಗದಲ್ಲಿ, 2020ರಲ್ಲಿ ಪಟ್ಟೆ ಅಗೇಟಿನ ಪುಟ್ಟ ಮುದ್ರೆಗಲ್ಲು ಸಿಕ್ಕಿತು. ಅದರಲ್ಲಿ ಕೆತ್ತಿದ್ದು ಸ್ಫಿಂಕ್ಸ್. ಭಾಗ್ಯದೇವತೆ ಫೋರ್ಚುನಾಳನ್ನು ಕೆತ್ತಿದ ಕಾರ್ನೇಲಿಯನ್ ಕೂಡ ಅಲ್ಲಿ ದೊರೆತಿದೆ. ಗ್ರೀಕ್ ರೋಮನ್ ಪುರಾಣದ ಒಡವೆ ನೋಡಲು ಯುರೋಪಿಗೇ ಹೋಗಬೇಕೆಂದಿಲ್ಲ, ಅದು ನಮ್ಮ ಪಕ್ಕದ ರಾಜ್ಯದ ಮಣ್ಣಿನಲ್ಲೇ ಇತ್ತು.

ಎರಡನೆಯದು ಕ್ಯಾಮಿಯೊ. ಇಲ್ಲಿ ಚಿತ್ರ ಮೇಲೆದ್ದು ನಿಲ್ಲುತ್ತದೆ. ಕೊಬ್ಬರಿ ಹೋಳನ್ನು ನೆನಪಿಸಿಕೊಳ್ಳಿ: ಮೇಲೆ ಬಿಳಿ, ತಳದಲ್ಲಿ ಕಂದು ಸಿಪ್ಪೆ. ಬಿಳಿಯನ್ನು ಒಂದು ಹೆಣ್ಣುಮುಖದ ಆಕಾರಕ್ಕೆ ಉಳಿಸಿಕೊಂಡು ಸುತ್ತಲಿನದನ್ನೆಲ್ಲ ಕೆರೆದು ತೆಗೆದರೆ ಕಂದು ನೆಲದ ಮೇಲೆ ಬಿಳಿ ಮುಖ ಉಳಿಯುತ್ತದಲ್ಲ, ಕೆಲಸ ಅಷ್ಟೇ. ಅಷ್ಟೇ ಎಂದೆ, ಆದರೆ ಕಲ್ಲಿನ ಪದರ ಎಲ್ಲೂ ಒಂದೇ ದಪ್ಪ ಇರುವುದಿಲ್ಲ. ಬಿಳಿಯನ್ನು ಇನ್ನೂ ತೆಳ್ಳಗೆ ಮಾಡಿದರೆ ಕೆಳಗಿನ ಕಂದು ಇಣುಕಿ ಕೆನ್ನೆಗೆ ನೆರಳು ಬೀಳುತ್ತದೆ. ಒಂದು ಸುತ್ತು ಹೆಚ್ಚು ಉಜ್ಜಿದರೆ ಕೆನ್ನೆಯಲ್ಲಿ ತೂತು. ಮೂರನೆಯ ಪದರ ಇದ್ದರೆ ಅದನ್ನು ಕೂದಲಿಗೋ ಮಾಲೆಗೋ ಮೀಸಲಿಡಬೇಕು. ಮನಸ್ಸಿನಲ್ಲಿದ್ದ ಚಿತ್ರಕ್ಕೆ ಕಲ್ಲು ಬಗ್ಗುವುದಿಲ್ಲ. ಕಲ್ಲಿನೊಳಗೆ ಪಟ್ಟೆ ಎಲ್ಲಿ ತಿರುಗುತ್ತದೋ ಅಲ್ಲೇ ದೇವತೆಯ ಕುತ್ತಿಗೆಯೂ ತಿರುಗಬೇಕು.

ಇನ್ನು ಗಡಸುತನ. ಅಗೇಟ್, ಓನಿಕ್ಸ್, ಕಾರ್ನೇಲಿಯನ್ ಎಲ್ಲ ನಮ್ಮ ಬೆಣಚುಕಲ್ಲಿನ ಕುಲದವು, ಮೋಸ್ ಮಾಪನದಲ್ಲಿ ಸುಮಾರು 7. ಸಾಮಾನ್ಯ ಕಬ್ಬಿಣದ ಉಳಿ ಅದರ ಮೇಲೆ ಗೀರನ್ನೂ ಹಾಕದು. ಆದ್ದರಿಂದ ಕೆತ್ತುವುದು ಉಳಿಯಲ್ಲ, ಪುಡಿ. ಕುರುಂದದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಗುಂಡು ತುದಿಯ ಸಣ್ಣ ಲೋಹದ ಕಡ್ಡಿಗೆ ಹಚ್ಚಿ, ಬಿಲ್ಲಿನ ಹಗ್ಗದಿಂದ ಆ ಕಡ್ಡಿಯನ್ನು ಗರಗರ ತಿರುಗಿಸುತ್ತಾರೆ. ತಿರುಗುವ ತುದಿಗೆ ಕಲ್ಲನ್ನು ಒಡ್ಡಿದಾಗ ಪುಡಿ ಉಜ್ಜಿಕೊಂಡು ಕಲ್ಲು ಸವೆಯುತ್ತದೆ. ಗ್ರೀಕರಿಗೆ ಈ ಪುಡಿ ನ್ಯಾಕ್ಸೋಸ್ ದ್ವೀಪದಿಂದ ಬರುತ್ತಿತ್ತು. ಅಪ್ಪನ ಬಳಿ ಬಿಲ್ಲಿನ ಬೈರಿಗೆ ಇತ್ತು, ಬೆಳ್ಳಿಗೆ ತೂತು ಹಾಕಲು ಎರಡೆಳೆತ ಸಾಕಾಗುತ್ತಿತ್ತು. ಅಂಥದೇ ಬೈರಿಗೆಯಿಂದ ಸಿಂಹದ ಕೇಸರದ ಒಂದೊಂದು ಕೂದಲನ್ನೂ ಎಳೆದವರ ತಾಳ್ಮೆ ಎಂಥದ್ದು! ಭೂತಗನ್ನಡಿ ಹಿಡಿದರೆ ಆ ಗುಂಡುತುದಿಯ ಗುರುತು ಇಂದಿಗೂ ಕಣ್ಣಿನ ಮೂಲೆಯಲ್ಲಿ, ಮೊಣಕಾಲಿನಲ್ಲಿ ಪುಟ್ಟ ಬಟ್ಟಲಿನಂತೆ ಕಾಣುತ್ತದೆ.

ಡಯಾಸ್ಕೊರೈಡಿಸನ ಮಕ್ಕಳೂ ಇದೇ ಕಸುಬು ಹಿಡಿದರು. ಯೂಟಿಕೀಸ್, ಹೆರೊಫಿಲೋಸ್, ಹಿಲ್ಲೋಸ್ ಮೂವರೂ ತಾವು ಡಯಾಸ್ಕೊರೈಡಿಸನ ಮಗ ಎಂದು ಕಲ್ಲಿನಲ್ಲೇ ರುಜು ಹಾಕಿದ್ದಾರೆ. ಅಪ್ಪನ ಹೆಸರನ್ನು ತನ್ನ ಕೆಲಸದ ಮೇಲೆ ಬರೆಯುವ ಈ ಅಭಿಮಾನವನ್ನು ನನ್ನಂಥವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಡಯಾಸ್ಕೊರೈಡಿಸನದೇ ಕೈಕೆಲಸ ಎಂದು ಹಲವರು ನಂಬುವ ಜೆಮ್ಮಾ ಆಗಸ್ಟಿಯಾ ಎಂಬ ಕ್ಯಾಮಿಯೊ ವಿಯೆನ್ನಾದ ಕಲಾ ಇತಿಹಾಸ ಮ್ಯೂಸಿಯಮ್ಮಿನಲ್ಲಿದೆ. 19 ಸೆಂಟಿಮೀಟರ್ ಎತ್ತರ, 23 ಸೆಂಟಿಮೀಟರ್ ಅಗಲದ ಒಂದೇ ಓನಿಕ್ಸ್. ಮೇಲಿನ ಸಾಲಿನಲ್ಲಿ ಆಗಸ್ಟಸ್ ದೇವರಾಜ ಜುಪಿಟರನಂತೆ ಕುಳಿತಿದ್ದಾನೆ, ಪೀಠದ ಕೆಳಗೆ ಜುಪಿಟರನ ಹದ್ದು, ಪಕ್ಕದಲ್ಲಿ ರೋಮಾ ದೇವತೆ, ತಲೆಯ ಬಳಿ ಅವನ ಮಕರ ರಾಶಿ. ಕೆಳಗಿನ ಸಾಲಿನಲ್ಲಿ ಸೈನಿಕರು ಗೆಲುವಿನ ಕಂಬ ಎತ್ತುತ್ತಿದ್ದಾರೆ, ಸೋತವರನ್ನು ಕೂದಲು ಹಿಡಿದು ಎಳೆಯುತ್ತಿದ್ದಾರೆ. ನಾನು ಬಹಳ ಹೊತ್ತು ನೋಡಿದ್ದು ಆ ಕೆಳಗಿನವರನ್ನು. ಸೋತವರ ಮುಖಕ್ಕೂ ಚಕ್ರವರ್ತಿಯ ಮುಖಕ್ಕೆ ಕೊಟ್ಟಷ್ಟೇ ಗಮನ ಕೊಟ್ಟಿದ್ದಾನೆ ಕೆತ್ತಿದವನು.

ದೊಡ್ಡವರ ಒಡವೆಗಳ ಮಾತಾಯಿತು. ಸಾಮಾನ್ಯರ ಉಂಗುರಗಳು ಎಲ್ಲಿ ಸಿಕ್ಕಿವೆ ಗೊತ್ತೇ? ಸ್ನಾನಗೃಹದ ಚರಂಡಿಯಲ್ಲಿ. ವೇಲ್ಸಿನ ಕೇರ್ಲಿಯನ್ ಎಂಬಲ್ಲಿ ರೋಮನ್ ಸೇನೆಯ ಸ್ನಾನಗೃಹದ ಚರಂಡಿಯೊಂದರಿಂದಲೇ 88 ಕೆತ್ತನೆಯ ಕಲ್ಲುಗಳು ಬಂದವು. 2023ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಅಂಥದೇ ಚರಂಡಿಯಲ್ಲಿ ವೀನಸ್ ದೇವತೆ ಇದ್ದ ಕಲ್ಲು ಸೇರಿ ಮೂವತ್ತರಷ್ಟು ಸಿಕ್ಕಿದ ಸುದ್ದಿ ಬಂತು. ಕಾರಣ ಸರಳ. ಕಲ್ಲನ್ನು ಉಂಗುರಕ್ಕೆ ಅಂಟಿಸಿದ್ದ ಅಂಟು ಬಿಸಿನೀರಿನ ಹಬೆಗೆ ಸಡಿಲಾಗಿ ಕಲ್ಲು ಉದುರಿಹೋಗುತ್ತಿತ್ತು. ಅರಗು ತುಂಬಿದ ಒಡವೆ ತೊಟ್ಟು ಬಿಸಿನೀರು ಹುಯ್ದುಕೊಳ್ಳಬೇಡಿ ಎಂದು ನಮ್ಮ ಪತ್ತಾರರು ಹೇಳುವುದೂ ಇದಕ್ಕೇ.

ರೋಮ್ ಬಿದ್ದ ಮೇಲೆ ಕಥೆಗಳು ಮರೆತುಹೋದವು, ಕಲ್ಲುಗಳು ಉಳಿದವು. ಜರ್ಮನಿಯ ಕಲೋನ್ ಚರ್ಚಿನಲ್ಲಿ ಏಸುವನ್ನು ನೋಡಲು ಬಂದ ಮೂವರು ಜ್ಞಾನಿಗಳ ಅವಶೇಷ ಇಟ್ಟಿದ್ದಾರೆಂದು ನಂಬುವ ಬಂಗಾರದ ಪೆಟ್ಟಿಗೆಯಿದೆ. ಅದರ ಮೈತುಂಬ ಸುಮಾರು 300 ಪ್ರಾಚೀನ ಕೆತ್ತನೆಯ ಕಲ್ಲುಗಳು, ಹಳೆಯ ದೇವರುಗಳ ಸಮೇತ. ಪ್ಯಾರಿಸ್ಸಿನಲ್ಲಿರುವ ಫ್ರಾನ್ಸಿನ ಮಹಾ ಕ್ಯಾಮಿಯೊ 31 ಸೆಂಟಿಮೀಟರ್ ಎತ್ತರದ, ಐದು ಪದರದ ಸಾರ್ಡೋನಿಕ್ಸ್. ಅದರ 24 ಆಕೃತಿಗಳು ಬೈಬಲಿನ ಜೋಸೆಫ್ ಮತ್ತು ಈಜಿಪ್ಟಿನ ಅರಸನ ಆಸ್ಥಾನ ಎಂದೇ ಪಾದ್ರಿಗಳು ಶತಮಾನಗಳ ಕಾಲ ನಂಬಿದ್ದರು. ಆ ಆಕೃತಿಗಳು ರೋಮನ್ ಚಕ್ರವರ್ತಿ ಟೈಬೀರಿಯಸ್ ಮತ್ತು ಅವನ ಮನೆತನದವರು ಎಂದು 1620ರಲ್ಲಿ ಗುರುತಿಸಿದವನು ಪೈರೆಸ್ಕ್ ಎಂಬ ವಿದ್ವಾಂಸ. ತಪ್ಪು ತಿಳಿವಳಿಕೆಯೇ ಅದನ್ನು ಕಾಪಾಡಿತು ಎನ್ನುವುದು ನನ್ನ ಎಣಿಕೆ. 1804ರಲ್ಲಿ ಅದು ಕಳುವಾಗಿ ಆಮ್‌ಸ್ಟರ್ಡ್ಯಾಮಿನಲ್ಲಿ ಸಿಕ್ಕಿತು. ಕಲ್ಲು ವಾಪಸ್ ಬಂತು, ಅದರ ಹಳೆಯ ಬಂಗಾರದ ಚೌಕಟ್ಟು ಬರಲಿಲ್ಲ, ಕರಗಿಹೋಗಿತ್ತು.

ಹಾಗೆಂದು ಕಲ್ಲಿಗೆ ಸಾವಿಲ್ಲ ಎಂದಲ್ಲ. ನೇಪಲ್ಸಿನಲ್ಲಿರುವ, ಕಲ್ಲಿನಲ್ಲಿ ಕೆತ್ತಿದ ಫಾರ್ನೇಸೆ ಬಟ್ಟಲು ಪ್ರಾಚೀನ ಈಜಿಪ್ಟಿನ ಗ್ರೀಕ್ ಅರಸರ ಕಾಲದ್ದು, ತಳದ ಹೊರಮೈಯಲ್ಲಿ ಹಾವುಗೂದಲಿನ ಮೆಡೂಸಾಳ ಮುಖ. 1471ರಲ್ಲಿ ಫ್ಲಾರೆನ್ಸಿನ ಲೊರೆಂಜೊ ದೆ ಮೆಡಿಚಿ ರೋಮಿನಿಂದ ತಂದು ಜೋಪಾನ ಮಾಡಿದ್ದ ಅದನ್ನು 1925ರಲ್ಲಿ ಮ್ಯೂಸಿಯಮ್ಮಿನ ಕಾವಲುಗಾರನೇ ಒಡೆದ. ಚೂರುಗಳನ್ನು ಜೋಡಿಸಿ ನಿಲ್ಲಿಸಿದ್ದಾರೆ.

ಹದಿನೆಂಟು, ಹತ್ತೊಂಬತ್ತನೆಯ ಶತಮಾನದಲ್ಲಿ ಕೆತ್ತನೆಯ ಕಲ್ಲುಗಳ ಹುಚ್ಚು ಮತ್ತೆ ಏರಿತು. ರಷ್ಯಾದ ಮಹಾರಾಣಿ ಕ್ಯಾಥರೀನ್ ಸಾವಿರಾರು ಕಲ್ಲು ಕೂಡಿಹಾಕಿದಳು. ನೆಪೋಲಿಯನ್ನನ ಪತ್ನಿ ಜೋಸೆಫೀನಳದೆನ್ನುವ ಕ್ಯಾಮಿಯೊ ಕಿರೀಟ ಸ್ವೀಡನ್ನಿನ ಅರಮನೆಗೆ ಸೇರಿ, 1976 ಮತ್ತು 2010ರ ರಾಜಮನೆತನದ ಮದುವೆಗಳಲ್ಲಿ ವಧುವಿನ ತಲೆಯೇರಿತು. ಇದೇ ಹೊತ್ತಿನಲ್ಲಿ ಪೋಲೆಂಡಿನ ರಾಜಕುಮಾರ ಸ್ಟಾನಿಸ್ಲಾವ್ ಪೊನಿಯಾಟೋವ್‌ಸ್ಕಿ ಸುಮಾರು 2,500 ಪೌರಾಣಿಕ ಕಲ್ಲುಗಳ ಒಡೆಯನೆಂದು ಹೆಸರಾಗಿದ್ದ. ಅವನ ಮರಣಾನಂತರ 1839ರಲ್ಲಿ ಲಂಡನ್ನಿನಲ್ಲಿ ಅವು ಹರಾಜಾದವು. ಅವುಗಳಲ್ಲಿ ಬಹುಪಾಲು ಅವನ ಕಾಲದಲ್ಲೇ ರೋಮಿನ ಕೆತ್ತನೆಗಾರರು ಮಾಡಿದ್ದು, ಮೇಲಿನ ಗ್ರೀಕ್ ರುಜುಗಳೆಲ್ಲ ಹುಸಿ ಎಂದು ಬಯಲಾಗಿ ಬೆಲೆ ಕುಸಿಯಿತು. ಹುಸಿ ರುಜು ಹಾಕಿದ್ದು ಮೋಸವೇ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಹೋಮರ್, ಓವಿಡ್ ಹೇಳಿದ ಕಥೆಗಳನ್ನು ಅಷ್ಟು ಚೆನ್ನಾಗಿ ಕೆತ್ತಿದ ಕೈಗಳಿಗೆ ತಮ್ಮ ಹೆಸರು ಹಾಕುವ ಅವಕಾಶವೇ ಸಿಗಲಿಲ್ಲವಲ್ಲ, ಅದು ಅದಕ್ಕಿಂತ ದೊಡ್ಡ ಅನ್ಯಾಯ. ಇಂದು ವಿದ್ವಾಂಸರು ಆ ಕಲ್ಲುಗಳನ್ನು ಹುಡುಕಿ ಪಟ್ಟಿ ಮಾಡುತ್ತಿದ್ದಾರೆ, ಸಂಗ್ರಾಹಕರು ಅವನ್ನು ಅವುಗಳ ಅಂದಕ್ಕಾಗಿಯೇ ಕೊಳ್ಳುತ್ತಿದ್ದಾರೆ.

ನನ್ನ ಮೇಜಿಗೆ ಬರುವ ಕ್ಯಾಮಿಯೊಗಳು ಸಾಮಾನ್ಯವಾಗಿ ಕಲ್ಲಿನವಲ್ಲ, ಶಂಖದವು. ಚಿಕ್ಕಮಗಳೂರಿನ ಕಾಫಿ ತೋಟದ ಮನೆಯವರೊಬ್ಬರು ಒಮ್ಮೆ ಅಂಗೈಯಗಲದ ಬ್ರೋಚ್ ತಂದಿದ್ದರು. ತೋಟವನ್ನು ದೊರೆಗಳಿಂದ ಕೊಂಡಾಗ ಬಂಗಲೆಯ ಸಾಮಾನಿನ ಜೊತೆ ಬಂದದ್ದು. ಮನೆಯಲ್ಲಿ ಅದಕ್ಕೆ ರಾಣಿ ಪದಕ ಎಂದು ಹೆಸರು, ವಿಕ್ಟೋರಿಯಾ ರಾಣಿಯ ಮುಖ ಎಂದು ನಂಬಿಕೆ. ಅಂಗಡಿಯೊಂದರಲ್ಲಿ ಚಿಪ್ಪನ್ನು ಕಿತ್ತು ಬಂಗಾರ ತೂಗಿ ಕೊಡುತ್ತೇವೆ ಎಂದಿದ್ದರಂತೆ. ನಾನು ಭೂತಗನ್ನಡಿ ಹಿಡಿದು ನೋಡಿದೆ. ಕೂದಲಿನ ತುಂಬ ದ್ರಾಕ್ಷಿ ಗೊಂಚಲು, ಬಳ್ಳಿಯ ಎಲೆ. ಅವಳು ರಾಣಿಯಲ್ಲ, ಮದ್ಯದ ದೇವರು ಬ್ಯಾಕಸ್‌ನ ಭಕ್ತೆ ಬ್ಯಾಕಾಂಟೆ. ತಂದವರು ಹಿರಿಯರು, ಕನ್ನಡಕ ಸರಿಮಾಡಿಕೊಂಡು “ಹಾಗಾದರೆ ಇಷ್ಟು ವರ್ಷ ಇವಳನ್ನ ಸರಿಯಾಗಿ ನೋಡೇ ಇಲ್ಲ ಅಂತಾಯ್ತಲ್ಲಮ್ಮ” ಎಂದರು. ಬ್ರೋಚ್ ಮಾರಲಿಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ದ್ರಾಕ್ಷಿ ಇದ್ದರೆ ಬ್ಯಾಕಾಂಟೆ, ಗೋಧಿ ತೆನೆ ಇದ್ದರೆ ಬೆಳೆಯ ದೇವತೆ ಸೀರೀಸ್, ಹಣೆಯ ಮೇಲೆ ಚಂದ್ರರೇಖೆ ಇದ್ದರೆ ಬೇಟೆಯ ಡಯಾನಾ. ಶಿರಸ್ತ್ರಾಣ ತೊಟ್ಟವಳು ಅಥೀನಾ ಇರಬಹುದು. ಹದ್ದಿಗೆ ಬಟ್ಟಲಲ್ಲಿ ಕುಡಿಸುವವಳು ಹೀಬಿ. ಚಿಟ್ಟೆಯ ರೆಕ್ಕೆ ಇದ್ದವಳು ಸೈಕೀ, ಬಿಲ್ಲು ಹಿಡಿದ ಪ್ರೇಮದೇವ ಕ್ಯುಪಿಡ್ಡನ ಮಡದಿ. ಮಲಗಿದ ಎರಡು ಕೂಸುಗಳನ್ನು ಎತ್ತಿಕೊಂಡು ಹಾರುವ ಹೆಣ್ಣು ರಾತ್ರಿ ದೇವತೆ, ಡೆನ್ಮಾರ್ಕಿನ ಶಿಲ್ಪಿ ಥೋರ್ವಾಲ್ಡ್‌ಸನ್ 1815ರಲ್ಲಿ ಮಾಡಿದ ಶಿಲ್ಪವನ್ನು ನೋಡಿ ಲೆಕ್ಕವಿಲ್ಲದಷ್ಟು ಬಾರಿ ಕೆತ್ತಿದ್ದು. ಶಂಖದ ಕ್ಯಾಮಿಯೊಗಳ ತವರು ಇಟಲಿಯ ವೆಸೂವಿಯಸ್ ಬೆಟ್ಟದ ಬುಡದ ಟೊರೆ ದೆಲ್ ಗ್ರೆಕೊ. ನಮ್ಮ ಅಂಗಡಿಗಳಲ್ಲಿ ಇಟಲಿಯ ಹವಳ ಎಂದು ಮಾರುತ್ತಾರಲ್ಲ, ಆ ಕೆಂಪು ಹವಳದ ಕೆಲಸಕ್ಕೂ ಹೆಸರಾದ ಊರು ಅದು. ಅಲ್ಲಿ 1878ರಲ್ಲಿ ಈ ಕಸುಬು ಕಲಿಸಲು ಶಾಲೆ ತೆರೆದರು, ಇಂದಿಗೂ ಅಲ್ಲಿ ಕೆತ್ತುವವರಿದ್ದಾರೆ.

ನಿಮ್ಮ ಮನೆಯಲ್ಲಿ ಅಂಥದ್ದು ಇದ್ದರೆ ಬೆಳಕಿಗೆ ಹಿಡಿದು ನೋಡಿ. ಶಂಖವಾದರೆ ಬೆಳಕು ಹಾಯುತ್ತದೆ, ಹಿಂಬದಿ ತುಸು ಬಾಗಿರುತ್ತದೆ. ಕಲ್ಲು ಮುಟ್ಟಿದರೆ ತಣ್ಣಗೆ, ಭಾರ. ಪ್ಲಾಸ್ಟಿಕ್ ಬೆಚ್ಚಗೆ, ಹಗುರ, ಅಂಚಿನಲ್ಲಿ ಅಚ್ಚಿನ ಗೆರೆ ಇರಬಹುದು. ಗಾಜಿನೊಳಗೆ ಗುಳ್ಳೆ ಕಂಡೀತು. ಬಿಳಿ ಮುಖಕ್ಕೂ ಕಪ್ಪು ನೆಲಕ್ಕೂ ನಡುವೆ ಅಂಟಿನ ಗೆರೆ ಇದ್ದರೆ ಬೇರೆ ಬೇರೆ ಮಾಡಿ ಜೋಡಿಸಿದ್ದು. ಬೆಳ್ಳಿಯಂತೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ನಿಂಬೆಹುಳಿಯೂ ಬೇಡ: ಶಂಖ ಸುಣ್ಣದ ಜಾತಿ, ಹುಳಿ ಅದನ್ನು ತಿನ್ನುತ್ತದೆ. ಅಂಗಡಿಯ ಅಲ್ಟ್ರಾಸೋನಿಕ್ ಯಂತ್ರಕ್ಕೂ ಹಾಕಿಸಬೇಡಿ. ತೇವದ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹಳೆಯ ಒಡವೆ ಕರಗಿಸಲು ಕೊಡುವಾಗ ಅಂಗಡಿಯವರು ಕಲ್ಲಿನ ತೂಕ ಕಳೆದು ಬಂಗಾರಕ್ಕಷ್ಟೇ ಬೆಲೆ ಕಟ್ಟುತ್ತಾರೆ. ಅದು ಅವರ ಲೆಕ್ಕ, ತಪ್ಪೇನಿಲ್ಲ. ಆದರೆ ಅದರಲ್ಲಿ ಕೆತ್ತನೆಯ ಕಲ್ಲೋ ಚಿಪ್ಪೋ ಇದ್ದರೆ ಕೀಳಿಸುವ ಮೊದಲು ಕಲ್ಲಿನ ಕೆಲಸ ಬಲ್ಲವರೊಬ್ಬರಿಗೆ ತೋರಿಸಿ, ಮುಂದೆ ಹಿಂದೆ ಎರಡೂ ಬದಿ ಫೋಟೊ ತೆಗೆದಿಡಿ. ಎಷ್ಟು ಹಳೆಯದು ಎಂದು ಕೇಳುವ ಮೊದಲು, ಕೆಲಸ ಹೇಗಿದೆ ಎಂದು ಕೇಳಿ. ಬಂಗಾರ ಮಾರಲೇಬೇಕಾದರೆ ಮಾರಿ, ಕಲ್ಲನ್ನು ಮಾತ್ರ ಮನೆಗೆ ವಾಪಸ್ ತನ್ನಿ.